ರಿವಾಯತಿನಿಂದ ತತ್ತ್ವಪದಕ್ಕೆ: ಶಿಶುನಾಳ ಶರೀಫರ ಗೇಯಮಾರ್ಗದ ವಿಚಾರ

೧

ಶಿಶುನಾಳ ಶರೀಫ ಸಾಹೇಬರ (೧೮೧೯-೧೮೮೯) ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಒಂದೇ ಕ್ರಮವನ್ನು ಅನುಸರಿಸುವರು. ಮೊದಲು ಬಯಲಾಟದಲ್ಲಿ ಬೆರೆತು, ಮೊಹರಮ್ಮಿನ ಅಲಾವಿಯ ಮುಂದೆ ರಿವಾಯತುಗಳನ್ನು ಕಟ್ಟಿ ಹಾಡುತ್ತಿದ್ದ ಹಳ್ಳಿಯ ಹಾಡುಗಾರ. ಬಳಿಕ ಕಳಸದ ಗೋವಿಂದಭಟ್ಟರ ಅನುಗ್ರಹವನ್ನು ಪಡೆದು, ಆ ಹಿಂದಿನ ಹಾಡನ್ನು ತೊರೆದು, ತತ್ತ್ವಪದಗಳ ಕಡೆಗೆ ತಿರುಗಿದ ಸಂತ. ಈ ಕಥನವು ಕೇಳುವುದಕ್ಕೆ ಹಿತವಾಗಿದೆ. ಲೌಕಿಕದಿಂದ ಅಲೌಕಿಕಕ್ಕೆ, ಗ್ರಾಮ್ಯದಿಂದ ಪರಿಷ್ಕೃತಕ್ಕೆ, ಕುಣಿತದಿಂದ ಧ್ಯಾನಕ್ಕೆ ಏರಿದುದೆಂಬ ಸೋಪಾನಕ್ರಮವು ನಮ್ಮ ಮನಸ್ಸಿಗೆ ಒಪ್ಪುವಂತಹುದೇ ಸರಿ. ಆದರೆ ಒಪ್ಪುವುದೆಲ್ಲವೂ ಪ್ರಮಾಣಸಿದ್ಧವೆಂದು ಹೇಳಲಾಗದು. ಶರೀಫರ ಪದಗಳನ್ನೇ ಪ್ರಮಾಣವಾಗಿಟ್ಟುಕೊಂಡು ನೋಡಿದರೆ ಈ ಸೋಪಾನವು ನಿಲ್ಲುವುದೆ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕಾಗಿದೆ. ಶರೀಫರ ಪದಗಳು ಬಾಯಿಂದ ಬಾಯಿಗೆ, ಭಜನೆಯ ಮೇಳದಿಂದ ಮೇಳಕ್ಕೆ ಸಾಗಿ ಉಳಿದು ಬಂದವುಗಳು, ಅವುಗಳಿಗೆ ಕಾಲನಿರ್ದೇಶವಿಲ್ಲ. ಸಂಗ್ರಹಕಾರರು ರಿವಾಯತುಗಳನ್ನು ಒಂದು ಕಡೆಯಲ್ಲಿಯೂ ತತ್ತ್ವಪದಗಳನ್ನು ಇನ್ನೊಂದು ಕಡೆಯಲ್ಲಿಯೂ ಅಡಕ ಮಾಡಿರುವುದು ವಿಷಯವಿಭಾಗವೇ ಹೊರತು ಕಾಲವಿಭಾಗವಲ್ಲ. ನಾವು ಓದುಗರು ಆ ವಿಷಯವಿಭಾಗವನ್ನೇ ಕಾಲವಿಭಾಗವೆಂದು ಭ್ರಮಿಸಿ, ಪುಸ್ತಕದ ಹಾಳೆಗಳ ಕ್ರಮವನ್ನು ಬಾಳಿನ ಕ್ರಮವೆಂದು ಎಣಿಸಿದೆವು. ರಿವಾಯತು ಮೊದಲಿನದು, ತತ್ತ್ವಪದವು ಆಮೇಲಿನದು ಎಂಬ ನಂಬಿಕೆಗೆ ಇದಕ್ಕಿಂತ ಬಲವಾದ ಆಧಾರವು ಪದಗಳಲ್ಲಿ ದೊರೆಯುವುದಿಲ್ಲ.

೨

ಹಾಗಾದರೆ ರಿವಾಯತು ಎಂದರೇನು? ಕ್ರಿ. ಶ. ೬೮೦ರಲ್ಲಿ ಕರ್ಬಲೆಯ ಬಯಲಿನಲ್ಲಿ ಇಮಾಮ ಹುಸೇನರು ತಮ್ಮ ಪರಿವಾರದೊಡನೆ ಮಡಿದ ಕಥೆಯು ಮೊಹರಮ್ಮಿನ ಆಚರಣೆಗೆ ಮೂಲವೆಂಬುದು ಪ್ರಸಿದ್ಧವಾಗಿದೆ. ಉತ್ತರಕರ್ನಾಟಕದ ಹಳ್ಳಿಗಳಲ್ಲಿ ಈ ಆಚರಣೆಯು ಒಂದು ಮತದವರಿಗೆ ಮಾತ್ರ ಸೇರಿದುದಾಗಿ ಉಳಿಯಲಿಲ್ಲ. ಅಲಾಯಿ ದೇವರನ್ನು ಕೂರಿಸುವವರು, ಹರಕೆ ಹೊರುವವರು, ಅಲಾವಿಯ ಕುಣಿಯ ಸುತ್ತ ಹೆಜ್ಜೆ ಹಾಕುವವರು ಇವರಲ್ಲಿ ಎಲ್ಲ ಜಾತಿಯವರೂ ಇರುವರು. ಈ ಹೆಜ್ಜೆಯ ಮೇಳಗಳು ಕುಣಿಯುತ್ತ ಹಾಡುವ ಹಾಡುಗಳೇ ರಿವಾಯತುಗಳು. ಅರಬಸ್ಥಾನದ ಕಥೆಯು ಧಾರವಾಡ ಸೀಮೆಯ ಕನ್ನಡದಲ್ಲಿ, ಲಾವಣಿಯ ಮಟ್ಟಿನಲ್ಲಿ, ಮಹಾಭಾರತದ ಅಭಿಮನ್ಯುವಿನ ಕಥೆಯನ್ನು ಕೇಳುವ ಕಿವಿಗಳಿಗೇ ಕೇಳುವಂತೆ ಅಲ್ಲಿ ಹಾಡಲ್ಪಡುವುದು.

ಇಂತಹ ಹಾಡನ್ನು ‘ಲೌಕಿಕ’ವೆಂದು ಕರೆಯುವುದು ಹೇಗೆ? ಧರ್ಮಕ್ಕಾಗಿ ಮಡಿದವರ ಶೋಕವನ್ನು ಅಗ್ನಿಕುಂಡದ ಮುಂದೆ ನಿಂತು ಹಾಡುವುದು ಭಕ್ತಿಯಲ್ಲದೆ ಮತ್ತೇನು? ಆದುದರಿಂದ ಶರೀಫರು ಲೌಕಿಕವಾದ ಜಾನಪದ ಗೀತವನ್ನು ಬಿಟ್ಟು ಭಕ್ತಿಗೀತಕ್ಕೆ ಬಂದರೆಂಬ ಮಾತಿನ ಮೊದಲನೆಯ ಪಾದವೇ ಸಡಿಲವಾಯಿತು. ಅವರು ಬಿಟ್ಟರೆಂದು ಹೇಳುವ ವಸ್ತುವಿನಲ್ಲಿಯೇ ಅವರು ಸೇರಿದರೆಂದು ಹೇಳುವ ವಸ್ತುವು ಇದ್ದಿತು.

ಇಲ್ಲಿ ನೆರೆಯ ಮರಾಠಿಯ ಒಂದು ದೃಷ್ಟಾಂತವನ್ನು ಹೋಲಿಸಿ ನೋಡಬಹುದು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿದ ಸೊಲ್ಲಾಪುರದ ರಾಮಜೋಶಿಯು ತಮಾಷೆಯ ಮೇಳಗಳಲ್ಲಿ ಲಾವಣಿ ಹಾಡಿ ಹೆಸರಾದ ಶಾಹೀರನು. ಮೋರೋಪಂತನ ಕಾವ್ಯದ ಪ್ರಭಾವದಿಂದ ಅವನು ಕೀರ್ತನಕಾರನಾದನೆಂದು ಮರಾಠಿ ಸಾಹಿತ್ಯಚರಿತ್ರೆಕಾರರು ಹೇಳುವರು. ಅಲ್ಲಿ ತಿರುವು ಸ್ಪಷ್ಟವಾದುದು: ಹಾಡುವ ನೆಲೆ ಬದಲಾಯಿತು, ವೇಷವು ಬದಲಾಯಿತು, ಪಂಡಿತಕಾವ್ಯದ ಆಶ್ರಯವು ದೊರಕಿತು. ಶರೀಫರ ವಿಷಯದಲ್ಲಿ ಹಾಗಿಲ್ಲ. ಗೋವಿಂದಭಟ್ಟರು ಬ್ರಾಹ್ಮಣರಾದರೂ ಶಿಷ್ಯನನ್ನು ಸಂಸ್ಕೃತಮಾರ್ಗಕ್ಕೆ ಎಳೆದುಕೊಂಡು ಹೋಗಲಿಲ್ಲ. ಶಿಷ್ಯನ ಹೆಗಲಿಗೆ ಜನಿವಾರವನ್ನು ಹಾಕಿದರೆಂಬ ಐತಿಹ್ಯವಿದೆ. ಅವನ ನಾಲಗೆಗೆ ಬೇರೆ ಭಾಷೆಯನ್ನು ಹಾಕಿದರೆಂದು ಯಾರೂ ಹೇಳುವುದಿಲ್ಲ.

೩

ಈಗ ಪದಗಳಿಗೇ ಬರೋಣ. ಶರೀಫರ ತತ್ತ್ವಪದಗಳಲ್ಲಿ ಸರ್ವರಿಗೂ ಪರಿಚಿತವಾದ ಮಾಳಿಗೆಯ ಪದವನ್ನು ಮೊದಲು ತೆಗೆದುಕೊಳ್ಳುವೆನು. ಮನೆಯ ಮಾಳಿಗೆಯು ಸೋರುತ್ತಿದೆ, ಭದ್ರಪಡಿಸುವವರಿಲ್ಲ, ಕತ್ತಲೆಯಲ್ಲಿ ಮೇಲಕ್ಕೆ ಹತ್ತಲಾಗದು. ತೊಲೆ ಮುರಿದಿದೆ, ಜಂತಿಗೆ ಹುಳು ಹಿಡಿದಿದೆ, ಕೀಲು ಸಡಿಲಿದೆ, ಇರುವೆ ಮುತ್ತಿದೆ, ಮೇಲಿನ ಮಣ್ಣು ಕರಗಿ ಒಳಗೂ ಹೊರಗೂ ಒಂದಾಗಿದೆ. ಕೊನೆಗೆ ಹುಬ್ಬಿಯ ಮಳೆಯು ಬಂದಿತು.

ಧಾರವಾಡ ಸೀಮೆಯ ಮಣ್ಣಿನ ಮಾಳಿಗೆಯನ್ನು ಕಂಡವರಿಗೆ ಈ ಪದದ ಸೊಗಸು ತಿಳಿಯುವುದು. ತೊಲೆಯ ಮೇಲೆ ಜಂತಿ, ಅದರ ಮೇಲೆ ಹುಲ್ಲುಕಡ್ಡಿ, ಅದರ ಮೇಲೆ ಮೆತ್ತಿದ ಮಣ್ಣು. ವರ್ಷಕ್ಕೊಮ್ಮೆ ಮೇಲೇರಿ ಮಣ್ಣನ್ನು ಹೊಸದಾಗಿ ಹಾಕದಿದ್ದರೆ ಮನೆಯು ಸೋರುವುದು ಖಂಡಿತ. ಕವಿಯು ಹೇಳಿದ ಕ್ರಮವು ಮನೆಯನ್ನು ಕಟ್ಟುವ ಕೆಲಸದವನು ಕೆಳಗಿನಿಂದ ಮೇಲಕ್ಕೆ ನೋಡುವ ಕ್ರಮವೇ ಆಗಿದೆ. ಇದರಲ್ಲಿ ಒಂದು ಅವಯವವೂ ಅರ್ಥಕ್ಕಾಗಿ ತುರುಕಿದುದಲ್ಲ. ಮನೆಯೆಂದರೆ ದೇಹವೆಂದು ಕವಿಯು ಬಾಯಿ ಬಿಟ್ಟು ಹೇಳುವುದಿಲ್ಲ. ಪಲ್ಲವಿಯಲ್ಲಿ ಸೋರುವಿಕೆಗೆ ಅಜ್ಞಾನವು ಕಾರಣವೆಂಬ ಒಂದು ಪದವನ್ನು ಮಾತ್ರ ಇಡುವನು. ತೊಲೆ ಜಂತಿಗಳ ನಡುವೆ ಆ ಒಂದೇ ಸಂಸ್ಕೃತಶಬ್ದವು ಮನೆಯೊಳಗಿನ ದೀಪದಂತೆ ಇರುವುದು; ಹಿಮ್ಮೇಳದವರು ಪಲ್ಲವಿಯನ್ನು ಎತ್ತಿಕೊಂಡಾಗಲೆಲ್ಲ ಅದರ ಬೆಳಕು ಹಿಂದಿನ ಚರಣದ ಮೇಲೆ ಬೀಳುವುದು. ಪಲ್ಲವಿಯ ಈ ಶಕ್ತಿಯನ್ನು ಶರೀಫರು ಎಲ್ಲಿ ಕಲಿತರು? ಮೇಳವು ಮತ್ತೆ ಮತ್ತೆ ಎತ್ತಿಕೊಳ್ಳುವ ಸೊಲ್ಲಿನಲ್ಲಿ ಹಾಡಿನ ಜೀವವನ್ನಿಡಬೇಕೆಂಬುದು ರಿವಾಯತು, ಲಾವಣಿ, ಬಯಲಾಟದ ಹಾಡುಗಾರರ ವಿದ್ಯೆ. ಗುರುವಿನಿಂದ ಪಡೆದುದು ತತ್ತ್ವ. ಆ ತತ್ತ್ವವನ್ನು ಎಲ್ಲಿ ಇಡಬೇಕೆಂಬ ವಿವೇಕವು ಅಲಾವಿಯ ಮುಂದಿನಿಂದ ಬಂದುದು.

ಇದೇ ಪದದಲ್ಲಿ ಹಾಡುಗಾರನು ಕಾಂತೆಯನ್ನು ಕರೆದು ಹೇಳುವನು. ಕೋಳಿಯ ಪದದಲ್ಲಿ ತಂಗಿಯನ್ನು ಕರೆಯುವನು. ಇತರ ಪದಗಳಲ್ಲಿ ಅಣ್ಣನೂ ಉಂಟು, ಮುದುಕಿಯೂ ಉಂಟು. ಕಾವ್ಯವು ಕಾಂತೆಯಂತೆ ಉಪದೇಶಿಸಬೇಕೆಂದು ಮಮ್ಮಟನು ಕಾವ್ಯಪ್ರಕಾಶದಲ್ಲಿ ಹೇಳಿರುವುದು ವಿದ್ವಜ್ಜನರಿಗೆ ತಿಳಿದುದೇ. ಪ್ರಭುವಿನಂತೆ ಆಜ್ಞಾಪಿಸುವ ವೇದ, ಮಿತ್ರನಂತೆ ಹೇಳುವ ಪುರಾಣ, ಕಾಂತೆಯಂತೆ ಒಲಿಸುವ ಕಾವ್ಯ ಎಂಬ ಈ ಮೂರು ಬಗೆಗಳಿಗೆ ಶರೀಫರ ಪದವು ನಾಲ್ಕನೆಯದೊಂದನ್ನು ಕೂಡಿಸುವಂತಿದೆ: ನೆರೆಮನೆಯವನಂತೆ ಕೂಗಿ ಹೇಳುವುದು. ಮಾಳಿಗೆ ಸೋರುತ್ತಿದೆಯೆಂದು ಹೇಳಲು ಅಧಿಕಾರಿಭೇದದ ವಿಚಾರವಿಲ್ಲ. ಸೋರುವ ಮನೆಯಲ್ಲಿರುವವರೆಲ್ಲರೂ ಅದನ್ನು ಕೇಳಲು ಅಧಿಕಾರಿಗಳೇ.

೪

ಎರಡನೆಯದಾಗಿ, ಕೋಳಿಯು ಕೋಡಗವನ್ನು ನುಂಗಿದ ಪದ. ಇದನ್ನು ಅಲ್ಲಮಪ್ರಭುವಿನ ಬೆಡಗಿನ ವಚನಗಳ ಪರಂಪರೆಗೆ ಸೇರಿಸುವುದು ರೂಢಿಯಾಗಿದೆ. ಚಾಮರಸನ ಪ್ರಭುಲಿಂಗಲೀಲೆಯು ಶರೀಫರಿಗೆ ಪರಿಚಿತವಾಗಿದ್ದಿತೆಂದು ಹೇಳಿಕೆಯಿರುವುದರಿಂದ ಆ ಸಂಬಂಧವು ಯುಕ್ತವೇ. ಆದರೆ ಬೆಡಗಿಗೆ ಇನ್ನೊಂದು ತವರುಮನೆಯೂ ಉಂಟೆಂಬುದನ್ನು ನಾವು ಮರೆತಿದ್ದೇವೆ. ಹರದೇಶಿ-ನಾಗೇಶಿ ಮೇಳಗಳವರು ಎದುರುಬದುರಾಗಿ ನಿಂತು, ಒಬ್ಬರ ಒಗಟಿಗೆ ಮತ್ತೊಬ್ಬರು ಉತ್ತರ ಕೊಡಬೇಕಾದ ಸವಾಲಿನ ಹಾಡುಗಳು ಆ ಸೀಮೆಯಲ್ಲಿ ಬಹುಕಾಲದಿಂದ ನಡೆದು ಬಂದಿವೆ. ಅಲ್ಲಿ ಒಗಟು ಎದುರಾಳಿಯನ್ನು ಸೋಲಿಸುವ ಆಯುಧವು. ಶರೀಫರ ಪದದಲ್ಲಿ ಆಯುಧವು ಅದೇ. ಎದುರಾಳಿಯು ಮಾತ್ರ ಬೇರೆ. ಇಲ್ಲಿ ಸೋಲಬೇಕಾದವನು ಹಾಡುಗಾರನೇ.

ಈ ಪದಕ್ಕೆ ವ್ಯಾಖ್ಯಾನ ಮಾಡಿದವರು ಕೋಡಗವೆಂದರೆ ಮನಸ್ಸು, ಕೋಳಿಯೆಂದರೆ ಜ್ಞಾನ, ಆನೆಯೆಂದರೆ ಅಹಂಕಾರ ಎಂಬಂತೆ ಒಂದೊಂದಕ್ಕೂ ಅರ್ಥವನ್ನು ಹಂಚುವರು. ಪಾಠಶಾಲೆಯಲ್ಲಿ ಅಲಂಕಾರಶಾಸ್ತ್ರವನ್ನೋದಿ ಬಂದ ನಾನೂ ಬಹುಕಾಲ ವಿದ್ಯಾರ್ಥಿಗಳಿಗೆ ಹಾಗೆಯೇ ಹೇಳಿಕೊಟ್ಟೆನು. ಹೇಳಿ ಮುಗಿಸಿದ ಮೇಲೆ ಕೈಯಲ್ಲಿ ಪಟ್ಟಿಯೊಂದು ಉಳಿಯುತ್ತಿದ್ದಿತು, ಪದವು ಉಳಿಯುತ್ತಿರಲಿಲ್ಲ. ತಪ್ಪೆಲ್ಲಿ ಎಂಬುದನ್ನು ಶಾಸ್ತ್ರವೇ ತೋರಿಸಿಕೊಟ್ಟಿತು.

ಅತಿಶಯೋಕ್ತಿಯ ಮೊದಲನೆಯ ಭೇದವನ್ನು ಹೇಳುವಾಗ ಮಮ್ಮಟನು ಉಪಮಾನವು ಉಪಮೇಯವನ್ನು ನುಂಗಿಬಿಡುವುದೆಂದು ಲಕ್ಷಣ ಮಾಡುವನು. ‘ನಿಗರಣ’ವೆಂಬ ಪಾರಿಭಾಷಿಕ ಶಬ್ದಕ್ಕೆ ನುಂಗುವುದೆಂದೇ ಅರ್ಥ. ನುಂಗಲ್ಪಟ್ಟ ಉಪಮೇಯವು ಯಾವುದೆಂದು ಸಹೃದಯನಿಗೆ ಒಡನೆಯೇ ಹೊಳೆಯಬೇಕು. ಮುಖವನ್ನು ಚಂದ್ರನೆಂದೇ ಹೇಳಿದಾಗ ಹೊಳೆಯುವಂತೆ. ಕೋಳಿಯ ಪದದಲ್ಲಿ ಹಾಗೆ ಹೊಳೆಯುವುದಿಲ್ಲ. ಏಕೆಂದರೆ ಇಲ್ಲಿ ಪ್ರಸ್ತುತವಾದುದು ಕೋಳಿಯೂ ಅಲ್ಲ, ಕೋಡಗವೂ ಅಲ್ಲ, ನುಂಗುವಿಕೆಯೆಂಬ ಕ್ರಿಯೆಯೇ. ಲಾಕ್ಷಣಿಕರು ಅಲಂಕಾರದ ಲಕ್ಷಣದಲ್ಲಿ ಹೇಳಿದ ವ್ಯಾಪಾರವನ್ನೇ ಶರೀಫರು ಪದದ ವಸ್ತುವನ್ನಾಗಿ ಮಾಡಿಕೊಂಡರು. ಅವರು ಮಮ್ಮಟನನ್ನು ಓದಿದ್ದರೆಂದು ನಾನು ಹೇಳುತ್ತಿಲ್ಲ. ಓದದೆಯೂ ಆ ಸ್ಥಾನವನ್ನು ಮುಟ್ಟಿದರೆಂಬುದೇ ನಮಗೆ ಆಶ್ಚರ್ಯವು.

ಚರಣಗಳ ರಚನೆಯನ್ನು ಗಮನಿಸಬೇಕು. ಪ್ರತಿಯೊಂದು ಚರಣದ ಮೊದಲಿನಲ್ಲಿ ಒಂದು ವಸ್ತುವು ಮತ್ತೊಂದು ವಸ್ತುವನ್ನು ನುಂಗುವುದು: ಗೋಡೆಯು ಸುಣ್ಣವನ್ನು, ಒರಳು ಒನಕೆಯನ್ನು, ಲಾಳಿಯು ಮಗ್ಗವನ್ನು. ಚರಣದ ಕೊನೆಯಲ್ಲಿ ಮಾತ್ರ ನುಂಗಲ್ಪಡುವವರು ಮನುಷ್ಯರು. ಆಡಲು ಬಂದ ಪಾತರದವಳನ್ನು ಮದ್ದಳೆಯು ನುಂಗಿತು. ಮೆಲ್ಲಲು ಬಂದ ಮುದುಕಿಯನ್ನು ನೆಲ್ಲು ನುಂಗಿತು. ಮಗ್ಗದಲ್ಲಿ ಕುಳಿತವನನ್ನು ಮಗ್ಗದ ಕುಣಿಯು ನುಂಗಿತು. ಮಾಡುವವನನ್ನು ಅವನ ಕೆಲಸದ ಸಾಧನವೇ ನುಂಗುವುದೆಂಬುದು ಈ ಎಲ್ಲ ಚರಣಗಳಿಗೂ ಸಮಾನವಾದ ಧರ್ಮ. ಪ್ರಚಾರದಲ್ಲಿರುವ ಪಾಠದ ಕೊನೆಯ ಚರಣದಲ್ಲಿ ಸರದಿಯು ಹಾಡುಗಾರನಿಗೇ ಬರುವುದು: ಗುರು ಗೋವಿಂದನ ಪಾದವು ಅವನನ್ನೇ ನುಂಗುವುದು. ಶರೀಫರ ಅಂಕಿತವಾದ ‘ಶಿಶುನಾಳಧೀಶ’ವು ಬರಬೇಕಾದ ಸ್ಥಳದಲ್ಲಿ ಗುರುವಿನ ಹೆಸರು ನಿಂತಿದೆ. ಅಂಕಿತ ಹಾಕಬೇಕಾದವನೇ ಉಳಿದಿಲ್ಲವಾದುದರಿಂದ ಅಂಕಿತವೂ ಇಲ್ಲ.

ಮದ್ದಳೆಯು ಪಾತರದವಳನ್ನು ನುಂಗಿದ ಮಾತನ್ನು ಸಂಸ್ಕೃತಾಭ್ಯಾಸಿಯು ಪುಸ್ತಕದಿಂದ ಹುಟ್ಟಿಸಲಾರನು. ಮದ್ದಳೆಯ ಗತಿಯು ಏರಿದಂತೆ ಕುಣಿಯುವವರ ಕಾಲು ಅವರ ಅಧೀನವನ್ನು ಮೀರುವುದನ್ನು ಆಟದ ಕಣದಲ್ಲಿ ಕಂಡವನಿಗೆ ಮಾತ್ರ ಅದು ಹೊಳೆಯುವುದು. ಗುರುವಿನಲ್ಲಿ ಲಯವಾಗುವುದೆಂದರೇನೆಂಬುದನ್ನು ಹೇಳುವುದಕ್ಕೆ ಶರೀಫರು ಬಯಲಾಟವನ್ನು ಬಿಡಲಿಲ್ಲ. ಬಯಲಾಟದಲ್ಲಿ ತಾವು ಕಂಡ ಲಯವನ್ನೇ ದೃಷ್ಟಾಂತವಾಗಿ ಕೊಟ್ಟರು. ತಾಳದ ಲಯ, ಜೀವದ ಲಯ ಎಂಬ ಎರಡಕ್ಕೂ ನಮ್ಮಲ್ಲಿ ಒಂದೇ ಶಬ್ದವಿರುವುದು ಆಕಸ್ಮಿಕವಲ್ಲವೆಂದು ಈ ಪದವನ್ನು ಕೇಳಿದಾಗ ತೋರುವುದು.

೫

ಇಲ್ಲಿ ಪೂರ್ವಪಕ್ಷವೊಂದನ್ನು ಎತ್ತಬಹುದು. ಶಾಂತರಸವನ್ನು ಹೇಳುವ ಪದಗಳಲ್ಲಿ ಸೋರುವ ಮನೆ, ಕೋಳಿ, ಸಂತೆಯ ಮುದುಕಿ ಮೊದಲಾದ ಗ್ರಾಮ್ಯವಸ್ತುಗಳು ಬಂದರೆ ರಸಭಂಗವಾಗದೆ? ಗ್ರಾಮ್ಯತ್ವವು ದೋಷವೆಂದು ಶಾಸ್ತ್ರವು ಹೇಳುವುದಷ್ಟೆ. ಇದಕ್ಕೆ ಸಮಾಧಾನವಿದು. ಹೇಳುವವನು, ಕೇಳುವವನು, ಪ್ರಕರಣ ಇವುಗಳ ಔಚಿತ್ಯದಿಂದ ದೋಷವೇ ಗುಣವಾಗುವುದೂ ಉಂಟೆಂದು ಅದೇ ಶಾಸ್ತ್ರವು ಹೇಳಿದೆ. ಹುಲಗೂರಿನ ಸಂತೆಯ ಗದ್ದಲದಲ್ಲಿ ನಿಂತ ಮುದುಕಿಗೆ, ಬಿದ್ದೀಯೆ ಜೋಕೆಯೆಂದು ಎಚ್ಚರಿಸುವ ಪದವನ್ನು ನೆನೆಯಿರಿ. ಹುಲಗೂರು ಶಿಶುನಾಳಕ್ಕೆ ನೆರೆಯ ಊರು. ಕೇಳುವವರು ತಾವೇ ಹೋಗಿಬರುವ ಸಂತೆ ಅದು. ಅವರು ಮೊದಲು ನಗುವರು. ಬೀಳುವವರು ಯಾರೆಂದು ತಿಳಿದಾಗ ನಗೆಯು ಅಲ್ಲಿಯೇ ನಿಲ್ಲುವುದು. ಆ ನಿಲುಗಡೆಯೇ ಶಾಂತಕ್ಕೆ ಬಾಗಿಲು.

ನಾಟ್ಯದಲ್ಲಿ ಶಾಂತಕ್ಕೆ ಪುಷ್ಟಿಯಿಲ್ಲವೆಂದು ದಶರೂಪಕದ ಕರ್ತೃವಾದ ಧನಂಜಯನು ಹೇಳಿದನು. ಅಭಿನವಗುಪ್ತನು ಶಾಂತವನ್ನು ರಸವೆಂದು ಸಮರ್ಥಿಸಿದನು. ಶರೀಫರ ಪದಗಳಲ್ಲಿ ಶಾಂತವು ನೇರವಾಗಿ ನಿರ್ವೇದದಿಂದ ಬರುವುದಿಲ್ಲ. ಹಾಸ್ಯವನ್ನೋ ಅದ್ಭುತವನ್ನೋ ಅಂಗವಾಗಿ ಮುಂದೆ ಕಳುಹಿಸಿ ಹಿಂದಿನಿಂದ ತಾನು ಬರುವುದು. ಆಟದವರು ವಿನೋದದಿಂದ ಸಭೆಯನ್ನು ಹಿಡಿದು ಬಳಿಕ ಕಥೆಗೆ ಕರೆದೊಯ್ಯುವ ಉಪಾಯವು ಇದಕ್ಕೆ ದೂರದ್ದಲ್ಲ.

ಆದರೆ ಶರೀಫರ ಎಲ್ಲ ಪದಗಳೂ ಈ ಮಟ್ಟದವುಗಳೆಂದು ಹೇಳಿದರೆ ವಿಮರ್ಶೆಗೆ ಅಪಚಾರವಾಗುವುದು. ಷಟ್ಚಕ್ರ, ಇಡಾ-ಪಿಂಗಳೆ, ನಾದಬಿಂದುಗಳೆಂಬ ಯೋಗಶಾಸ್ತ್ರದ ಪರಿಭಾಷೆಯನ್ನೇ ಸಾಲಾಗಿ ಜೋಡಿಸಿದ ಪದಗಳೂ ಇವೆ. ತತ್ತ್ವಪದಕಾರರಲ್ಲಿ ಸಾಮಾನ್ಯವಾದ ಈ ರೂಢಿಯಲ್ಲಿ ಶರೀಫರ ಮುದ್ರೆಯು ಕಾಣುವುದಿಲ್ಲ. ಬೇರೆ ಯಾರ ಅಂಕಿತವನ್ನು ಹಾಕಿದರೂ ನಡೆಯುವುದು. ‘ತಿರುವು’ ಎಂಬುದನ್ನು ಜಾನಪದವನ್ನು ಬಿಟ್ಟು ಅಧ್ಯಾತ್ಮಕ್ಕೆ ಹೋದುದೆಂದು ಅರ್ಥ ಮಾಡಿದರೆ, ಈ ಪದಗಳೇ ಅವರ ಉತ್ತಮ ಪದಗಳಾಗಬೇಕಾಗಿದ್ದಿತು. ಅವು ಹಾಗಿಲ್ಲ. ಹಳ್ಳಿಯ ವಸ್ತುವು ಎಲ್ಲಿ ಬಿಟ್ಟುಹೋಗಿದೆಯೋ ಅಲ್ಲಿ ತತ್ತ್ವವೂ ಸಪ್ಪೆಯಾಗಿದೆ. ನಮ್ಮ ಪಕ್ಷಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯವು ಬೇಕಿಲ್ಲ.

ಹಾಗೆಂದು ತಿರುವೇ ಇಲ್ಲವೆಂದು ನನ್ನ ಅಭಿಪ್ರಾಯವಲ್ಲ. ಸ್ವರವನ್ನರಿಯದವನು ತಂಬೂರಿಯನ್ನು ಬಾರಿಸದೆ ಅದನ್ನು ತೆಗೆದಿಡಬೇಕೆಂದು ಹೇಳುವ ಪದವೊಂದಿದೆ. ತಂಬೂರಿಯು ದೇಹವೆಂದು ಅರ್ಥ ಮಾಡುವುದು ಸುಲಭ. ಆದರೆ ಇದನ್ನು ಹಾಡುವವನು ಸ್ವತಃ ವಾದ್ಯವನ್ನು ಹಿಡಿದವನು. ಹಾಡುವುದು ಬೇಡವೆಂಬುದನ್ನೇ ಹಾಡಿ ಹೇಳುತ್ತಿರುವನು. ಮೇಳದ ಹಾಡುಗಾರನಿಗೆ ಸಭೆಯ ಮೆಚ್ಚುಗೆಯು ಫಲ. ಈ ಪದದಲ್ಲಿ ಸಭೆಯ ಸ್ಥಾನವನ್ನು ಒಳಗಿನ ಪರೀಕ್ಷಕನೊಬ್ಬನು ಆಕ್ರಮಿಸಿರುವನು. ಮಟ್ಟು ಅದೇ, ಮಾತು ಅದೇ, ಕೇಳುವ ಜನರೂ ಅವರೇ. ಯಾರಿಗೆ ಲೆಕ್ಕ ಒಪ್ಪಿಸಬೇಕೆಂಬುದು ಮಾತ್ರ ಬೇರೆಯಾಯಿತು. ಶರೀಫರ ತಿರುವು ಇಷ್ಟೇ. ಆದರೆ ಇದು ಅಲ್ಪವಲ್ಲ.

೬

ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಮಾರ್ಗ-ದೇಶೀ ಎಂಬ ವಿಭಾಗವನ್ನು ಹೇಳಿ, ಆಯಾ ದೇಶದ ಜನರ ಹೃದಯವನ್ನು ರಂಜಿಸುವುದನ್ನು ದೇಶಿಯೆಂದನು. ಜನರಂಜನೆಯು ದೇಶಿಯ ಪ್ರಯೋಜನ, ಶ್ರೇಯಸ್ಸು ಮಾರ್ಗದ ಪ್ರಯೋಜನವೆಂದು ನಮ್ಮಲ್ಲಿ ಹಲವರು ಎಣಿಸಿಕೊಂಡಿರುವರು. ಶರೀಫರ ಪದಗಳು ಈ ಎಣಿಕೆಯನ್ನು ಕದಲಿಸುತ್ತವೆ. ಅವರ ಅಂಕಿತವನ್ನೇ ನೋಡಿರಿ: ಶಿಶುನಾಳದ ಒಡೆಯ. ಊರಿನ ಹೆಸರಿಲ್ಲದೆ ಅವರ ದೇವರಿಗೆ ಹೆಸರಿಲ್ಲ. ತತ್ತ್ವದ ಕೊನೆಯ ಮಾತನ್ನು ಹೇಳುವಾಗಲೂ ಅವರು ಆ ಪುಟ್ಟ ಊರಿನ ನೆಲದ ಮೇಲೆಯೇ ನಿಂತಿರುವರು. ಒಂದು ಮತದ ದೇವರ ಹೆಸರು ಅಂಕಿತವಾಗಿದ್ದರೆ ರಿವಾಯತಿಗೂ ತತ್ತ್ವಪದಕ್ಕೂ ಎರಡು ಅಂಕಿತಗಳು ಬೇಕಾಗುತ್ತಿದ್ದವು. ಊರು ಒಂದೇ ಆದುದರಿಂದ ಒಂದೇ ಅಂಕಿತವು ಸಾಕಾಯಿತು.

ಈ ವಿಚಾರವು ಕೇವಲ ವಾದಕ್ಕಾಗಿ ಹೇಳಿದುದಲ್ಲ. ಇದರಿಂದ ನಮ್ಮ ಪಾಠಕ್ರಮಕ್ಕೂ ಗ್ರಂಥಸಂಪಾದನೆಗೂ ಆಗಬೇಕಾದುದುಂಟು. ಶ್ರೀ ಸಿ. ಅಶ್ವತ್ಥರ ಗಾಯನದಿಂದಲೂ ೧೯೯೦ರಲ್ಲಿ ಶ್ರೀ ಟಿ. ಎಸ್. ನಾಗಾಭರಣರು ನಿರ್ದೇಶಿಸಿದ ಚಲನಚಿತ್ರದಿಂದಲೂ ಶರೀಫರ ಪದಗಳು ಕನ್ನಡನಾಡಿನ ಮೂಲೆಮೂಲೆಗೂ ಹರಡಿದುವು. ಈ ಉಪಕಾರವನ್ನು ಕೃತಜ್ಞತೆಯಿಂದ ನೆನೆಯಬೇಕು. ಆದರೆ ಹಾಗೆ ಹರಡಿದವುಗಳಲ್ಲಿ ಬಹುಭಾಗವು ತತ್ತ್ವಪದಗಳೇ. ರಿವಾಯತುಗಳು ಅಲಾವಿಯ ಬಳಿಯಲ್ಲಿಯೇ ಉಳಿದುವು. ನಮ್ಮ ತರಗತಿಗಳಲ್ಲಿಯೂ ಹಾಗೆಯೇ. ಅರ್ಧವನ್ನು ಮಾತ್ರ ಕೇಳಿದವರು ‘ಬಿಟ್ಟರು, ಸೇರಿದರು’ ಎಂಬ ಕಥೆಯನ್ನು ನಂಬುವುದು ಸಹಜವೇ. ಅದಕ್ಕಿಂತಲೂ ಹೆಚ್ಚಿನ ಹಾನಿಯೊಂದಿದೆ. ರಿವಾಯತನ್ನು ಬಿಟ್ಟು ಶರೀಫರನ್ನು ಸಂತರನ್ನಾಗಿ ಮಾಡುವುದೆಂದರೆ, ಎರಡು ಸಮುದಾಯಗಳವರು ಒಂದು ಬೆಂಕಿಯ ಸುತ್ತ ಹಾಡಿದ ಹಾಡನ್ನು ಸಂತತ್ವಕ್ಕೆ ಮುಂಚಿನ ಬಾಲಲೀಲೆಯೆಂದು ತಳ್ಳಿದಂತಾಗುವುದು. ಸಮಾಧಿಯಲ್ಲಿ ಇಬ್ಬರೂ ಪೂಜಿಸುವ ಪುರುಷನ ಹಾಡನ್ನು ನಾವು ಪುಸ್ತಕದಲ್ಲಿ ಎರಡಾಗಿ ಹರಿದಿದ್ದೇವೆ.

ಆದುದರಿಂದ ಸಂಪಾದಕರಲ್ಲಿಯೂ ಉಪಾಧ್ಯಾಯರಲ್ಲಿಯೂ ನನ್ನ ವಿಜ್ಞಾಪನೆಯಿಷ್ಟು. ಮುಂದೆ ಶರೀಫರ ಪದಗಳನ್ನು ಮುದ್ರಿಸುವವರು ಪ್ರತಿಯೊಂದು ಪದದ ಮಟ್ಟನ್ನೂ ಅದನ್ನು ಹಾಡುವ ಸಂದರ್ಭವನ್ನೂ, ಹಿಮ್ಮೇಳವು ಎತ್ತಿಕೊಳ್ಳುವ ಸೊಲ್ಲನ್ನೂ ತಿಳಿದವರಿಂದ ಕೇಳಿ ಬರೆದುಕೊಳ್ಳಲಿ. ಒಂದೇ ಮಟ್ಟಿನ ರಿವಾಯತೂ ತತ್ತ್ವಪದವೂ ದೊರೆತಲ್ಲಿ ಅವೆರಡನ್ನೂ ಒಂದೇ ಹಾಳೆಯಲ್ಲಿ ಇಡಲಿ. ಪಾಠ ಹೇಳುವವರು ಕೋಳಿಗೂ ಕೋಡಗಕ್ಕೂ ಅರ್ಥವನ್ನು ಹಂಚುವ ಮೊದಲು, ಮಕ್ಕಳಿಂದ ಪದವನ್ನು ಹಾಡಿಸಲಿ. ಪಲ್ಲವಿಯನ್ನು ತರಗತಿಯೆಲ್ಲವೂ ಎತ್ತಿಕೊಳ್ಳಲಿ. ಹಾಗೆ ಹಾಡಿದ ಮೇಲೆ ಉಳಿದ ವ್ಯಾಖ್ಯಾನವು ಬಹಳ ಸ್ವಲ್ಪವೆಂದು ಅನುಭವದಿಂದ ಹೇಳಬಲ್ಲೆನು.